ಹಸಿದ ಮೈಗೆ ಪುಕ್ಕದ ಚೀಲ

"ಕ್ಯಾಮೆರಾ ಕೆಳಗಿಡ್ರಿ! ನಮ್ಮ ಆಯಿ ಏನು ನೋಡಾಕ ಇಟ್ಟ ಗೊಂಬಿ ಅಂತ ತಿಳದೀರೇನು?"

ಕೋಮಲಳ ಕೂಗಿಗೆ ಬೈಕಿನಿಂದಿಳಿದ ಹುಡುಗ ಅಲ್ಲೇ ನಿಂತ. ಹೆಗಲಲ್ಲಿ ಕಿತ್ತಳೆ ಬಣ್ಣದ ಗಂಟು, ಕೈಯಲ್ಲಿ ಪುಟ್ಟ ಕ್ಯಾಮೆರಾ, ಕಣ್ಣಲ್ಲಿ ಗಾಬರಿ.

"ಆಯಿದಲ್ರಿ… ಹೊತ್ತು ಮುಳುಗೂದು ತಗಿಯಾಕತ್ತಿದ್ದೆ."

"ಯಾಕ, ನಿಮ್ಮೂರಾಗ ಹೊತ್ತು ಮುಳುಗೂದಿಲ್ಲೇನು?"

ಹಿಂದೆ ಕೂತಿದ್ದ ಹೆಂಗಸರು ಕಿಸಕ್ಕನೆ ನಕ್ಕರು. ಕೋಮಲ ನಗಲಿಲ್ಲ. ಅವಳು ನಕ್ಕು ಎಷ್ಟೋ ದಿನವಾಗಿತ್ತು…

ಬೇಡಕಿಹಾಳದ ಆಚೆ ಊರದನ ಮೇಯುವ ಆ ಗಾಯರಾಣದಲ್ಲಿ ಅವಳ ಮುತ್ತಜ್ಜನ ಕಾಲದಿಂದ ಕುರಿ ಮೇಯುತ್ತಿದ್ದವು. ಈಗ ಯಾರದೋ ಗೋದಾಮಿಗೆಂದು ಕಬ್ಬಿಣದ ಕಂಬಗಳು ಏಳುತ್ತಿದ್ದವು. ಕುರಿಗಾರರು ಅಲ್ಲೇ ಕಂಬಳಿ ಹಾಸಿ ಕೂತರು. ಕೋಮಲ ಆಯಿ ಎಂದು ಕರೆಯುವ ಅಜ್ಜಿ ಸಕ್ಕುಬಾಯಿ ಸೋಮವಾರದಿಂದ ಅನ್ನ ಬಿಟ್ಟಿದ್ದಳು. "ಈ ನೆಲ ಯಾರದಂತ ಸಾಹೇಬ ಬಂದು ನನ್ನ ಮಾರಿ ನೋಡಿ ಹೇಳ್ಲಿ. ಅಲ್ಲೀಮಟಾ ಒಂದಗಳೂ ಮುಟ್ಟೂದಿಲ್ಲ!"

ಸಾಹೇಬರು ಬರಲಿಲ್ಲ. ಕಂಬಗಳು ಮಾತ್ರ ಬರುತ್ತಲೇ ಇದ್ದವು. ತಿರುಗಿಯೂ ನೋಡದವರ ಎದುರು ಯಾವ ಕೂಗು ಕೂಗುವುದು? ಆಯಿಯ ಮಣಿಕಟ್ಟು ಸಣ್ಣಗಾಗುವುದನ್ನು ನೋಡುತ್ತ ಕೂರುವುದಷ್ಟೇ ಕೋಮಲಳ ಪಾಲಿಗೆ ಉಳಿದಿತ್ತು.

ಹುಡುಗನ ಹೆಸರು ವಿಕ್ರಾಂತ. ಅಥಣಿ ಕಡೆಯ ದ್ರಾಕ್ಷಿ ತೋಟದ ಮನೆಯವನು. ಬಯಲಲ್ಲಿ ಮಲಗಿ, ಕ್ಯಾಂಪಿಂಗ್ ಸಾಮಾನು ಹೇಗಿದೆಯೆಂದು ವಿಡಿಯೊದಲ್ಲಿ ಹೇಳುವುದು ಅವನ ಕೆಲಸ. ದೂಧಗಂಗಾ ನದಿಯ ದಂಡೆಗೆ ಹೊರಟವನು ನಡುಗುವ ಮುದುಕಿಯನ್ನು ಕಂಡು ಬೈಕು ನಿಲ್ಲಿಸಿದ್ದ.

"ಬಾತುಕೋಳಿ ಪುಕ್ಕದ ಸ್ಲೀಪಿಂಗ್ ಬ್ಯಾಗ್ ಐತ್ರಿ. ಮೈನಸ್ ಐದು ಡಿಗ್ರಿ ತಡೀತೈತಿ ಅಂತ ಬರದಾರ. ಆಯಿ ಮಲಗ್ಲಿ."

ಆಯಿಗೋಸ್ಕರ ಕೋಮಲ ಸಿಟ್ಟು ನುಂಗಿದಳು. ಆಯಿಯನ್ನು ಒಳಗೆ ಮಲಗಿಸಿ, ಇದ್ದ ಕಂಬಳಿಗಳನ್ನೆಲ್ಲ ಪ್ರೀತಿಯಿಂದ ಮೇಲೆ ಹೊದಿಸಿದಳು.

"ಅಯ್ಯ, ಕಂಬಳಿ ತಗೀರಿ!" ವಿಕ್ರಾಂತ ಓಡಿ ಬಂದ. "ಮ್ಯಾಲ ಬ್ಯಾಡ್ರಿ, ಕೆಳಗ ಹಾಸ್ರಿ!"

ಕೋಮಲಳ ಕಣ್ಣು ಚೀಲದ ಮೇಲೆ ಬಿತ್ತು. ಎದೆಯ ಮೇಲೆ ದಪ್ಪ ಅಕ್ಷರದಲ್ಲಿ ಕಂಪನಿಯ ಹೆಸರು!

"ಓಹೋ… ಹೆಸರು ಮುಚ್ಚಿಹೋಗ್ತೈತಿ, ಹೌದಲ್ಲ? ನಮ್ಮ ಆಯಿನ್ನ ಜಾಹೀರಾತಿಗೆ ಮಲಗಿಸೀರಿ! ಚೀಲ ಕಂಪನಿಯವರು ಕೊಟ್ಟಿದ್ದೋ, ನಿಮ್ದೋ?"

"ಅವರ ಕೊಟ್ಟಿದ್ದು, ಖರೆ. ಆದ್ರ—"

"ಸಾಕು! ಚೀಲ ಇರಲಿ. ನೀವು ನಡೀರಿ."

ಅವನು ರಸ್ತೆಯಂಚಿಗೆ ಹೋದ.

ಕತ್ತಲಾದಂತೆ ಥಂಡಿ ನೆಲದಿಂದಲೇ ಎದ್ದು ಬಂತು. ಆಯಿಯ ಹಲ್ಲು ಕಟಕಟ ಎನ್ನತೊಡಗಿತು. ಕೋಮಲ ಚೀಲದೊಳಗೆ ಕೈಹಾಕಿದಳು. ಒಳಗೂ ಹೊರಗಿನಷ್ಟೇ ತಣ್ಣಗೆ!

"ಆಯಿ, ಒಂದ ಗುಟುಕು ಹಾಲಾದ್ರೂ ಕುಡಿ…"

"ಸಾಹೇಬ ಬಂದಾನೇನು?"

"ಇಲ್ಲ."

"ಮತ್ಯಾಕ ಕೇಳ್ತಿ?"

ದೇವರೇ, ಯಾರನ್ನು ಕರೆಯಲಿ? ಕೋಮಲಳ ಕಾಲುಗಳು ರಸ್ತೆಯತ್ತ ಓಡಿದವು. ಅವನು ಹೋಗಿರಲಿಲ್ಲ. ಬೈಕಿಗೊರಗಿ ಮುದುರಿ ಕೂತಿದ್ದ.

"ರೀ… ನಿಮ್ಮ ಚೀಲ ಬೆಚ್ಚಗಾಗವಲ್ದು!" ಅವಳ ದನಿ ಒಡೆಯಿತು. "ಸೋಮವಾರದಿಂದ ಉಪಾಸ ಅದಾಳ ನಮ್ಮ ಆಯಿ…"

"ಉಪಾಸ?" ಅವನು ದಡಬಡಿಸಿ ಎದ್ದ. "ಇದನ್ಯಾಕ ಹೇಳಲಿಲ್ಲ? ಅದು ಬೆಂಕಿ ಅಲ್ರಿ! ಮೈಯಾಗಿನ ಬಿಸಿ ಹಿಡದಿಡತೈತಿ, ಅಷ್ಟ. ಹಿಡದಿಡಾಕ ಆಯಿ ಮೈಯಾಗ ಬಿಸಿ ಎಲ್ಲೈತಿ? ನೀವು ಉಂಡೀರಲ್ಲ? ಒಳಗ ಹೋಗ್ರಿ. ನಿಮ್ಮ ಬಿಸಿ ಕೊಡ್ರಿ!"

ಅವನು ಕಂಬಳಿಗಳನ್ನೆಳೆದು ಕೆಳಗೆ ಹಾಸಿದ. ಭಾರ ಇಳಿದದ್ದೇ ಅಪ್ಪಚ್ಚಿಯಾಗಿದ್ದ ಪುಕ್ಕ ನಿಧಾನ ಉಬ್ಬಿತು. "ಹಿಂಗ ಉಬ್ಬಿದ್ರನ ಪುಕ್ಕ ಬಿಸಿ ಹಿಡಿಯೂದು," ಎಂದ. 'ಇದಕ್ಕೇ ಹೇಳಿದ್ದನಾ…' ಕೋಮಲಳ ಎದೆ ಚುರ್ ಎಂದಿತು.

ಒಬ್ಬರ ಚೀಲದಲ್ಲಿ ಇಬ್ಬರಿಗೆ ಜಾಗವಾಯಿತು. ಆಯಿ ಅಷ್ಟು ಇಳಿದುಹೋಗಿದ್ದಳು. ಮುಖ ರಸ್ತೆಯ ಕಡೆ ತಿರುಗಿಸಿಕೊಂಡೇ ವಿಕ್ರಾಂತ ಚೀಲದ ಚೈನು ಎಳೆದ. ಅದನ್ನು ಕೋಮಲ ಗಮನಿಸಿದಳು.

ಬೆಳಗಿನ ಜಾವ ಅವಳನ್ನು ಎಬ್ಬಿಸಿದ್ದು ಅವನದೇ ದನಿ. ಬೆನ್ನು ತಿರುಗಿಸಿ, ನಡುಗುತ್ತ, ಕ್ಯಾಮೆರಾಕ್ಕೆ ಹೇಳುತ್ತಿದ್ದ.

"ಮೈನಸ್ ಐದು ಅಂತ ಬರದಾರ. ಉಂಡು ಮಲಗಿದವರಿಗೆ ಖರೆ ಇರಬಹುದು. ಹಸದವರಿಗೆ ಈ ಚೀಲ ಬೆಚ್ಚಗಿಲ್ರಿ. ರಾತ್ರಿ ಒಬ್ಬ ಆಯಿನ್ನ ಉಳಿಸಿದ್ದು ಪುಕ್ಕ ಅಲ್ಲ, ಮೊಮ್ಮಗಳು. ಕಂಪನಿಯವರು ಸಿಟ್ಟಾದ್ರ ಆಗ್ಲಿ. ಈ ನೆಲ ಯಾರದು ಅಂತ ಕೇಳಾಕ ಒಬ್ಬ ಮುದುಕಿ ಹಿಂಗ ನಡುಗಬೇಕೇನ್ರಿ?"

ಆಮೇಲೆ ದನಿ ತಗ್ಗಿತು.

"ಮತ್ತ… ಆ ಮೊಮ್ಮಗಳು ನನ್ನ ಬೈದ್ಲು. ಬೈಯುವಾಗ ಆಕಿ ಕಣ್ಣಾಗ ನೀರಿತ್ತು. ಬಿಟ್ಟು ಹೋಗಾಕ ಕಾಲು ಏಳವಲ್ದು. ಆಕಿ ಅಂದ್ರ ನನಗ… ಇರಲಿ. ಇದನ್ನ ಕಟ್ ಮಾಡ್ತೀನಿ."

"ಕಟ್ ಮಾಡಬ್ಯಾಡ್ರಿ…"

ಚೀಲದೊಳಗಿಂದ ಬಂದ ಕೋಮಲಳ ಮಾತಿಗೆ ಕ್ಯಾಮೆರಾ ಕೈಜಾರಿ ಬಿತ್ತು!

ಆಯಿಯ ಅಂಗೈ ಬೆಚ್ಚಗಿತ್ತು. ಆದರೆ ಆಚೆ ಕಂಬ ಬಡಿಯುವ ಸದ್ದು ಆಗಲೇ ಶುರುವಾಗಿತ್ತು. ಇವತ್ತೂ ಸಾಹೇಬರು ಬರುವ ಲಕ್ಷಣವಿರಲಿಲ್ಲ. ಇನ್ನೊಂದು ಅಂಥ ರಾತ್ರಿಯನ್ನು ಆಯಿ ತಡೆಯಲಾರಳು…

ಕೋಮಲ ಎದ್ದು ಕೂತಳು. "ಆಯಿ, ಇವತ್ತಿಂದ ನಿನ್ನ ಉಪಾಸ ನನಗ ಕೊಡು. ಹೋರಾಟ ನಿಲ್ಲೂದಿಲ್ಲ, ಆಳು ಬದಲಾಗ್ತೈತಿ, ಅಷ್ಟ. ನಿನ್ನ ಕಾಲ ಬೀಳ್ತೀನಿ, ಹಾಲು ಕುಡಿ."

ಆಯಿ ಕಂಬಗಳನ್ನು ನೋಡಿದಳು. ಮೊಮ್ಮಗಳನ್ನು ನೋಡಿದಳು. ಹಾಲಿನ ಲೋಟಕ್ಕೆ ಕೈ ಚಾಚಿದಳು.

"ಹಂಗಾದ್ರ…" ವಿಕ್ರಾಂತ ತೊದಲಿದ. "ಇನ್ನ ನಿಮ್ಮ ಮೈಯಾಗ ಬಿಸಿ ಉಳಿಯೂದಿಲ್ಲ…"

"ಇಲ್ಲ. ಏನ ಮಾಡೂದು?"

"ನಾ… ನಾ ಉಂಡು ಬರ್ತೀನ್ರಿ."

ಹೇಳಿದ ಮೇಲೆ ಅರ್ಥವಾಗಿ ಅವನ ಮುಖ ಕೆಂಪಾಯಿತು!

"ಏ ಹುಡುಗಾ!" ತುಟಿಯ ಹಾಲು ಒರೆಸಿಕೊಳ್ಳುತ್ತ ಆಯಿ ಗುಡುಗಿದಳು. "ಲಗ್ನ ಆಗೂಮಟಾ ನೀ ಚೀಲದ ಹೊರಗ! ಒಳಗ ನಾ ಇರ್ತೀನಿ!"

ಕೋಮಲ ನಕ್ಕಳು. ನಗುತ್ತಲೇ ಅತ್ತಳು. ತನ್ನ ಕಂಬಳಿಯನ್ನು ತಂದು ಅವನ ಹೆಗಲಿಗೆ ಹಾಕಿದಳು.

"ನಿಮ್ಮ ಆಯಿ ಲಗ್ನ ಅಂದ್ರು…" ಅವನು ಮೆಲ್ಲಗೆ ಕೇಳಿದ. "ನೀವೇನಂತೀರಿ?"

"ಮೊದಲ ಆ 'ರಿ' ಬಿಡು," ಎಂದಳು. "ಆಮ್ಯಾಲ ಕೇಳು."