ಆಷಾಢದಲ್ಲಿ ಚೈನ್ ರೂಲ್

ಎಪ್ಪತ್ತೆಂಟರ ಆಷಾಢದಲ್ಲಿ ಲಕ್ಷ್ಮಿದೇವಿ ಯಶವಂತಪುರದ ತವರಿಗೆ ಬಂದು ಮುಖ ಊದಿಸಿಕೊಂಡು ಕೂತಿದ್ದಳು. ಆ ತಿಂಗಳು ಹೊಸ ಸೊಸೆ ಅತ್ತೆ ಮನೆಯಲ್ಲಿರಬಾರದು, ಅಳಿಯ ಮಾವನ ಮನೆ ಹೊಸಿಲು ದಾಟಬಾರದು. ಅದೇನೋ ಸರಿ. ಆದರೆ ಹೊರಡುವ ದಿನ ಗಂಡ ಲಕ್ಕಣ್ಣ ಒಂದು ಮಾತೂ ಆಡಿರಲಿಲ್ಲ, ಅದೇ ಅವಳ ಸಂಕಟ.

ಅವಳು ಬಿಎಸ್ಸಿ ಪಾಸು, ಅವನು ಗಣಿತದಲ್ಲಿ ಫೇಲು. ಅಕ್ಟೋಬರ್ ಪರೀಕ್ಷೆಗೆಂದು ಯಲಹಂಕದ ಅತ್ತೆ ಮನೆಯಲ್ಲಿ ಅವಳೇ ಡಿಫರೆನ್ಸಿಯೇಷನ್ನಿನ ಚೈನ್ ರೂಲ್ ಹೇಳಿಕೊಟ್ಟಿದ್ದಳು. ಸೈನ್ x² ಕೊಟ್ಟರೆ ಕಾಸ್ 2x ಅಂತ ಬರೆಯುತ್ತಿದ್ದ ಮಹಾರಾಯ! ಹೊರಗಿನ ಸೈನನ್ನು ಕಾಸ್ ಮಾಡುವಾಗ ಒಳಗಿನ x² ಇದ್ದ ಹಾಗೇ ಇರಬೇಕು, ಆಮೇಲೆ ಒಳಗಿನದರ 2x ತೆಗೆದು ಗುಣಿಸಬೇಕು ಎಂದು ತಿದ್ದಿ ತಿದ್ದಿ ಕಲಿಸಿದ್ದಳು. ಕಲಿತ. ಆದರೆ ಹೆಂಡತಿಯ ಹತ್ತಿರ ಪಾಠವೇ ಎಂದು ಅತ್ತೆ ನೆರೆಯವರ ಮುಂದೆ ನಕ್ಕ ದಿನದಿಂದ ಅವನ ಬಾಯಿಗೆ ಬೀಗ ಬಿದ್ದಿತ್ತು. ತಾನು ಅವನಿಗೆ ಬೇಡವಾದೆನೇನೋ ಎಂದು ಅವಳು ಒಳಗೊಳಗೇ ಅತ್ತಿದ್ದಳು.

ಭಾನುವಾರ ಮಧ್ಯಾಹ್ನ ಸೈಕಲ್ ಬೆಲ್ ಕೇಳಿಸಿತು. ನೋಡಿದರೆ ಲಕ್ಕಣ್ಣ! ಹೊಸಿಲಾಚೆಯೇ ಬೆವರು ಸುರಿಸಿಕೊಂಡು ನಿಂತು, ಲೆಕ್ಕ ಮರೆತುಹೋಯಿತು ಎಂದ.

ಅವಳಪ್ಪ ಶ್ರೀರಾಮಪ್ಪ ಮೀಸೆಯಡಿಯಲ್ಲೇ ನಕ್ಕು, ಜಗಲಿ ಹೊಸಿಲಿನ ಆಚೆಗೇ ತಾನೇ ಇರುವುದು ಎಂದು ಚಾಪೆ ಹಾಸಿಸಿ ಒಳಗೆ ಹೋದರು.

ಅವಳು ಈಚೆ ಕೂತಳು, ಅವನು ಆಚೆ. ಸೀಮೆಸುಣ್ಣ ಕೊಟ್ಟು ಸೈನ್ x² ಎಂದಳು. ಜಗಲಿಯ ಕೆಂಪು ನೆಲದ ಮೇಲೆ ಅವನು ದುಂಡಗೆ ಬರೆದ: ಕಾಸ್ 2x.

ಅವಳಿಗೆ ರೇಗಿತು. ತಲೆಯೆತ್ತಿದರೆ ಅವನು ನೆಲವನ್ನಲ್ಲ, ಅವಳನ್ನೇ ನೋಡುತ್ತಿದ್ದ. ತುಟಿಯಂಚಿನಲ್ಲಿ ಕಳ್ಳನಗು.

“ಇದು ನಿಮಗೆ ಬರುತ್ತೆ.”

“ಬರ್ತದೆ. ನಿನ್ನ ನೋಡೋಕೆ ಬೇರೆ ನೆಪ ಸಿಗ್ಲಿಲ್ಲ.”

“ಮತ್ತೆ ಅವತ್ತು ಯಾಕೆ ಮಾತಾಡ್ಲಿಲ್ಲ? ನನ್ನ ಹತ್ರ ಕಲಿಯೋಕೆ ನಾಚಿಕೆ ಆಯ್ತು ಅಂದ್ಕೊಂಡೆ.”

ಅವನ ನಗು ಮಾಯವಾಯಿತು. “ಮೊದ್ಲು ನಾಚಿಕೆ ಆಗಿದ್ದು ನಿಜ. ಆಮೇಲೆ, ಬಾಯಿ ಬಿಟ್ರೆ ಓಗ್ಬೇಡ ಅಂದ್ಬಿಡ್ತೀನಿ ಅಂತ ಎದ್ರಿಕೆ. ಅವ್ವನ ಮುಂದೆ ಎಂಗೆ ಅನ್ಲಿ? ನೀನಿಲ್ದೆ ಮನೇಲಿ ಇರಕ್ಕಾಗ್ತಿಲ್ಲ ಕಣೆ.”

ಲಕ್ಷ್ಮಿದೇವಿಗೆ ಅಳುವೂ ಬಂತು, ನಗುವೂ ಬಂತು. ಬಗ್ಗಿ ಅವನ ತಪ್ಪನ್ನು ಅಂಗೈಯಿಂದ ಒರೆಸಿದಳು. ಕೈ ಹೊಸಿಲು ದಾಟಿತು, ದಾಟಲಿ ಬಿಡಿ. ಸುಣ್ಣ ಮೆತ್ತಿದ ಆ ಬೆರಳುಗಳನ್ನು ಅವನು ಮೆಲ್ಲಗೆ ಹಿಡಿದುಕೊಂಡ. ಅವಳು ಬಿಡಿಸಿಕೊಳ್ಳಲಿಲ್ಲ. ಹಾಗೇ ಹೊಸ ಲೆಕ್ಕ ಹೇಳಿದಳು: ಲಾಗ್ ಒಳಗೆ ಸೈನ್, ಸೈನ್ ಒಳಗೆ x².

“ಮನೇಲಿ ಮಾಡ್ಕೊಂಡು ಬನ್ನಿ.”

“ತಪ್ಪಾದ್ರೆ ಬರ್ತೀನಿ.”

“ಸರಿಯಾದ್ರೂ ಬನ್ನಿ,” ಎಂದಳು.