ಹಿಟ್ಟು ಇಳಿಯದ ಡಬ್ಬಿ

ಬೆಳಿಗ್ಗೆ ಎಂಟಕ್ಕೆ ಗದಗಿನ ಹಳೆಯ ಓಣಿಯೊಂದರ ಗಿರಣಿ ತಾನಾಗಿಯೇ ತಿರುಗತೊಡಗಿತು. ಬಾಗಿಲಲ್ಲಿ ಮೂರು ಗಾಲಿಯ ಪುಟ್ಟ ಗಾಡಿ ನಾಲ್ಕು ಮನೆಗಳ ಜೋಳ ಹೊತ್ತು ನಿಂತಿತ್ತು. ಅದನ್ನು ಓಡಿಸುವವರಿಲ್ಲ, ಕರೆದವರೂ ಇಲ್ಲ. ೨೦೫೮ರ ಹೊತ್ತಿಗೆ ಹಿಟ್ಟು ಬೀಸಿಸಲು ಯಾರೂ ಮನೆ ಬಿಟ್ಟು ಬರಬೇಕಿರಲಿಲ್ಲ.

ಎಲ್ಲ 'ಶಾಣ್ಯಾ'ನ ಕೆಲಸ. ಜಾಣ ಎಂಬರ್ಥದ ಆ ಹೆಸರು ಓಣಿಯ ಹೆಂಗಸರು ಇಟ್ಟದ್ದು. ಅದನ್ನು ಕಟ್ಟಿದ ಪಕ್ಕದ ಓಣಿಯ ವಿಜ್ಞಾನಿ ರೇವತಿ ಹಿರೇಮಠ ಇಟ್ಟಿದ್ದ ಉದ್ದನೆಯ ಹೆಸರು ಯಾರ ನಾಲಿಗೆಗೂ ಹೊರಳಲಿಲ್ಲ. ಪ್ರತಿ ಮನೆಯ ಹಿಟ್ಟಿನ ಡಬ್ಬಿಯ ಕೆಳಗೆ ರೂಪಾಯಿಯಗಲದ ಬಿಲ್ಲೆಯೊಂದು ಕೂತು ತೂಕವನ್ನು ಗಿರಣಿಗೆ ತಿಳಿಸುತ್ತದೆ. ಆ ತೂಕಗಳನ್ನು ನೋಡಿ ನೋಡಿ ಕಲಿತ ಈ ಕೃತಕ ಬುದ್ಧಿಮತ್ತೆ, ಹಿಟ್ಟು ಎಂದು ತೀರುತ್ತದೆಂದು ಮೊದಲೇ ಊಹಿಸಿ ಗಾಡಿ ಕಳಿಸುತ್ತದೆ.

ಗಿರಣಿ ಮಾಲೀಕ ಫಕೀರಪ್ಪನ ವ್ಯಾಪಾರ ದುಪ್ಪಟ್ಟಾಯಿತು. ಎದುರಿನ ಕಟ್ಟೆ ಮಾತ್ರ ಬರಿದಾಯಿತು. ಮೊದಲು ಅಲ್ಲಿ ಸರದಿಗೆ ಕೂತವರದು ಏನು ಜಗಳ, ಏನು ನಗು! "ಅಕಿ ಮೆಕ್ಕಿಜೋಳದ ಹಿಂದ ನನ್ನ ಗೋದಿ ಹಾಕಬ್ಯಾಡ!" ಹೆಂಡತಿ ತೀರಿಕೊಂಡ ಮೇಲೆ ಫಕೀರಪ್ಪನ ಕಿವಿಗೆ ಬೀಳುತ್ತಿದ್ದ ಮನುಷ್ಯರ ದನಿ ಅದೊಂದೇ. ಈಗ ಅದೂ ಇಲ್ಲ. ಅವನಿಗೆ ಬೇಜಾರಾಗುತ್ತಿತ್ತು, ಹೇಳಿಕೊಳ್ಳಲು ಯಾರೂ ಇರಲಿಲ್ಲ.

ಒಂದು ದಿನ ಅವನಿಗೆ ನೀಲವ್ವನ ನೆನಪಾಯಿತು. ದಿನ ಬಿಟ್ಟು ದಿನ ಸೇರು ಜೋಳ ತಂದು, ಬೀಸಿದ ಮೇಲೂ ಒಂದು ತಾಸು ಕೂತಿರುತ್ತಿದ್ದ ಒಂಟಿ ಮುದುಕಿ. ಅವಳ ಜೋಳ ಯಾಕೆ ಬಂದಿಲ್ಲವೆಂದು ಶಾಣ್ಯಾನನ್ನು ಕೇಳಿದ.

"ಡಬ್ಬಿಯಲ್ಲಿ ಹಿಟ್ಟಿದೆ. ಹನ್ನೆರಡು ದಿನದಿಂದ ಇಳಿದಿಲ್ಲ. ಗಾಡಿಯನ್ನು ಮುಂದೂಡಲಾಗಿದೆ."

ಶಾಣ್ಯಾನ ಊಹೆ ಸರಿಯಾಗಿಯೇ ಇತ್ತು. ಆದರೆ ಹನ್ನೆರಡು ದಿನ ಮುದುಕಿ ಉಂಡದ್ದೇನು? ಫಕೀರಪ್ಪ ಚಪ್ಪಲಿ ಮೆಟ್ಟದೆ ಓಡಿದ.

ನೀಲವ್ವ ಬದುಕಿದ್ದಳು. ಬರೀ ಚುರುಮುರಿ ನೆನೆಸಿ ತಿಂದು ಹಾಸಿಗೆ ಹಿಡಿದಿದ್ದಳು.

"ಜಾರಿ ಬಿದ್ದು ಕೈ ಬಾತೈತೆಪ್ಪಾ. ರೊಟ್ಟಿ ಬಡಿಯಾಕ ಆಗವಲ್ದು."

"ಯವ್ವಾ, ಒಂದು ಮಾತು ಹೇಳಬಾರದಾ?"

"ಯಾರಿಗೆ ಹೇಳ್ಲಿ? ಗಿರಣಿಗೆ ಬರೂದಿದ್ರ ನೀನರ ಕೇಳ್ತಿದ್ದಿ."

ಅವಳನ್ನು ಆಸ್ಪತ್ರೆಗೆ ಸೇರಿಸಿದ ಮರುದಿನ ಫಕೀರಪ್ಪ ರೇವತಿಯನ್ನು ಗಿರಣಿಗೆ ಕರೆಸಿದ. ವಿಷಯ ಕೇಳಿ ಅವಳ ಮುಖ ಸಪ್ಪಗಾಯಿತು.

"ಶಾಣ್ಯಾನ್ನ ತೆಗದುಬಿಡ್ಲೇನು, ಕಾಕಾ?"

"ಏ, ಬ್ಯಾಡ್ರಿ ತಂಗಿ. ಪಾಪ, ಅದೇನು ತಪ್ಪು ಮಾಡೇತಿ? ಹಿಟ್ಟು ತೀರಿದ ಮನಿ ಅದು ನೋಡ್ಕೊಳ್ಳಿ. ತೀರದ ಮನಿ ಯಾವು ಅಂತ ನನಗ ಹೇಳ್ಲಿ. ಅಲ್ಲಿಗೆ ಗಾಡಿ ಬ್ಯಾಡ, ನಾನ ಹೋಗ್ತೀನಿ."

ರೇವತಿಗೆ ಅದು ಅರ್ಧ ಗಂಟೆಯ ಕೆಲಸ. ಗಿರಣಿಯ ಪರದೆಯ ಮೇಲೆ ಏಳು ಹೆಸರು ಮೂಡಿದವು. ಫಕೀರಪ್ಪ ಕನ್ನಡಕ ಏರಿಸಿ ಒಂದೊಂದೇ ಓದಿದ. ಇಬ್ಬರು ಊರಲ್ಲಿರಲಿಲ್ಲ, ಅದು ಅವನಿಗೆ ಗೊತ್ತಿತ್ತು. ಏಳನೆಯದಕ್ಕೆ ಬಂದು ನಿಂತ.

"ಇದು ನಿಮ್ಮ ಮನಿ ಐತಲ್ರಿ ತಂಗಿ! ಎರಡು ತಿಂಗಳಾತಂತ."

"ಕೆಲಸ ಬಾಳ ಇತ್ತು ಕಾಕಾ... ಒಬ್ಬಾಕಿಗೆ ಏನ್ ಮಾಡ್ಕೊಳ್ಳೂದು ಅಂತ..." ರೇವತಿ ಪರದೆಯ ಮೇಲಿನ ತನ್ನ ಹೆಸರನ್ನು ಬೆರಳಿನಿಂದ ಮುಚ್ಚಿದಳು.

ಫಕೀರಪ್ಪ ಹೆಗಲ ಟವೆಲ್ಲಿನಿಂದ ಕಟ್ಟೆಯ ಧೂಳು ಹೊಡೆದ. ಅವಳು ಕೂತಳು.

"ಕಡೀ ಸಲ ಯಾರ ಜೋಡಿ ಕುಂತು ಉಂಡೀರಿ?"

ಸುಲಭದ ಪ್ರಶ್ನೆ. ರೇವತಿ ಬಹಳ ಹೊತ್ತು ನೆನಪು ಮಾಡಿಕೊಂಡಳು. ನೀವೂ ಒಮ್ಮೆ ಮಾಡಿಕೊಂಡು ನೋಡಿ. ೨೦೫೮ ಬರುವ ತನಕ ಕಾಯಬೇಕಿಲ್ಲ.