ಗಿಣ್ಣದ ಡಾಕ್ಟರ್

“ಗಟ್ಟಿ ಆತು. ಅತ್ತೆ, ನಿಮ್ಮ ದನಕ್ಕೆ ಕೆಚ್ಚಲು ಬಾವು,” ಎಂದಳು ಮೇಧಾ. ಆರನೇ ಕ್ಲಾಸಿನ ಹುಡುಗಿಯ ಮುಖ ಆಪರೇಷನ್ ಮುಗಿಸಿ ಬಂದ ಡಾಕ್ಟರ ಮುಖದ ಹಾಗಿತ್ತು.

ಅವಳ ಕೈಯಲ್ಲಿ ಒಂದು ಹಲಗೆ. ಅದಕ್ಕೆ ನಾಲ್ಕು ಡಬ್ಬಿ ಮುಚ್ಚಳ ಅಂಟಿಸಿದ್ದಳು, ಒಂದೊಂದು ಮೊಲೆಯ ಹಾಲಿಗೆ ಒಂದೊಂದು. ಹಾಲಿಗೆ ಸೋಪಿನ ಪುಡಿ ಕಲಸಿದ ನೀರು ಹಾಕಿ ಅಲ್ಲಾಡಿಸಬೇಕು. ಲೋಳೆಯಾದರೆ ರೋಗ ಶುರುವಾಗಿದೆ ಎಂದರ್ಥ. ಬಾವು ಕಣ್ಣಿಗೆ ಕಾಣುವ ಮೊದಲೇ ಗೊತ್ತಾಗುತ್ತದೆ. ಇದನ್ನು ಹೇಳಿಕೊಟ್ಟವರು ವಿಜ್ಞಾನದ ಮೇಡಂ. ಅವರು ಪೂರ್ತಿ ಹೇಳಿ ಮುಗಿಸುವ ಮೊದಲೇ ಬೆಲ್ ಹೊಡೆದಿತ್ತು. ಬೆಲ್ಲಿಗೂ ಮೊದಲೇ ಮೇಧಾ ಬಾಗಿಲಲ್ಲಿದ್ದಳು.

ಪಕ್ಕದ ಮನೆಯ ಶ್ರೀಲಕ್ಷ್ಮತ್ತೆ ಬಗ್ಗಿ ನೋಡಿದರು. ಹುಡುಗರ ಆಟ ಎಂದುಕೊಂಡು ಅವರೇ ನಾಲ್ಕೂ ಮೊಲೆಯ ಹಾಲನ್ನು ಬೇರೆ ಬೇರೆ ಕರೆದು ಜಗಲಿಗೆ ತಂದುಕೊಟ್ಟಿದ್ದರು. ಮೇಧಾ ಕೊಟ್ಟಿಗೆಯ ಕಡೆ ಇಣುಕಿಯೂ ನೋಡಿರಲಿಲ್ಲ.

“ನಾಲ್ಕೂ ಮೊಲೆಗೆ ರೋಗನನೇ ಕೂಸೆ?”

“ಹೌದು. ಡಾಕ್ಟರನ್ನ ಕರೆಸವು.”

ಹಿಂದಿನಿಂದ ಎಳೆಗರುವೊಂದು ‘ಅಂಬಾ’ ಎಂದಿತು.

“ಅದು ಮೊನ್ನೆ ಹುಟ್ಟಿದ್ದು,” ಎಂದರು ಅತ್ತೆ, ನಗು ತಡೆಯುತ್ತ. “ಇದು ಗಿಣ್ಣದ ಹಾಲೇ ಮಾರಾಯ್ತಿ. ಗಟ್ಟಿ ಆಗ್ದೆ ಮತ್ತೆಂತ ಆಗ್ತು?”

ಸಂಜೆಯೊಳಗೆ ವಾನಳ್ಳಿಯ ಆ ಕೇರಿಗೆಲ್ಲ ಸುದ್ದಿ ಮುಟ್ಟಿತು. ಅತ್ತೆ ಒಂದು ಬಟ್ಟಲು ಗಿಣ್ಣ ಕಳಿಸಿದರು. ಮೇಧಾಳಿಗೆ ಗಿಣ್ಣ ಎಂದರೆ ಪ್ರಾಣ, ಆದರೂ ಮುಟ್ಟಲಿಲ್ಲ. ಅಣ್ಣ ನಂದನ ಅವಳ ಎದುರಿಗೇ ಕುಳಿತು ಬಟ್ಟಲು ಖಾಲಿ ಮಾಡಿದ.

“ಗಿಣ್ಣದ ಡಾಕ್ಟರೇ, ಈ ರೋಗ ರಾಶಿ ರುಚಿ ಇದ್ದು,” ಎಂದ.

ಮೇಧಾ ಹಲಗೆಯನ್ನು ಸೌದೆ ರಾಶಿಯ ಹಿಂದೆ ಎಸೆದಳು.

ಮರುದಿನ ಬೆಳಿಗ್ಗೆ ಅವಳ ತಾಯಿ ನೀಲಾ ಹಾಲು ಕರೆಯುತ್ತಿದ್ದರು. ಮನೆಯ ದನ ತುಂಗೆ ಕಾಲು ಎತ್ತೆತ್ತಿ ಇಡುತ್ತಿತ್ತು.

“ಇದಕ್ಕೆ ಎಂತ ಆಯ್ದೇನ,” ಎಂದು ಗೊಣಗಿದರು.

ಮೇಧಾ ಮೆಲ್ಲಗೆ ಹಲಗೆ ಹುಡುಕಿ ತಂದು, ಒಂದೊಂದು ಮೊಲೆಯ ಹಾಲು ಹಿಡಿದು, ಸೋಪಿನ ನೀರು ಹಾಕಿ ಅಲ್ಲಾಡಿಸಿದಳು. ಮೂರು ಮುಚ್ಚಳಗಳಲ್ಲಿ ಹಾಲು ನೀರಾಗಿಯೇ ಇತ್ತು. ನಾಲ್ಕನೆಯದರಲ್ಲಿ ಲೋಳೆ.

ಹೇಳಿದರೆ ಮತ್ತೆ ಎಲ್ಲರೂ ನಗುತ್ತಾರೆ. ಹೇಳದಿದ್ದರೆ ತುಂಗೆಯ ಆ ಮೊಲೆ ಬತ್ತಿಯೇ ಹೋಗಬಹುದು. ಅವಳು ಈ ಸಲ ಪಕ್ಕದಲ್ಲಿದ್ದ ಕರುವನ್ನು ನೋಡಿದಳು. ಅದು ತಾಯಿಯ ಪಾಲಿನ ಹುಲ್ಲನ್ನೂ ಎಳೆದು ತಿನ್ನುತ್ತಿತ್ತು.

“ಆಯಿ,” ಎಂದು ತಾಯಿಯನ್ನು ಕರೆದಳು. “ಇದು ಗಿಣ್ಣದ ಹಾಲಲ್ಲ. ಒಂದು ಮೊಲೆದು ಮಾತ್ರ ಗಟ್ಟಿ ಆಯ್ದು. ಮುಟ್ಟಿ ನೋಡು.”

“ಮತ್ತೆ ಶುರು ಆತು,” ಎಂದ ನಂದನ.

ಆದರೆ ಆಯಿ ಕೆಚ್ಚಲು ಮುಟ್ಟಿದವರು ನಗಲಿಲ್ಲ. “ಒಂದು ಬದಿ ಬಿಸಿ ಇದ್ದು. ನಂದನ, ಅಪ್ಪಂಗೆ ಹೇಳು, ದನದ ಡಾಕ್ಟರಿಗೆ ಫೋನ್ ಮಾಡ್ಲಿ.”

ಶಿರಸಿಯಿಂದ ಡಾಕ್ಟರ್ ಶಂಕ್ರಪ್ಪ ಬೈಕಿನಲ್ಲಿ ಬಂದರು. ಹಾವೇರಿ ಕಡೆಯವರು. ಮೇಧಾ ಹಲಗೆಯನ್ನು ಮುಂದೆ ಚಾಚಿದಳು. ಅವರು ಅದನ್ನು ನೋಡಲೇ ಇಲ್ಲ.

“ಕರು ಹಾಕಿ ಎಷ್ಟ್ ದಿನಾ ಆತ್ರಿ?” ಎಂದು ಕೇಳಿದರು.

ಮೇಧಾ ಚಾಚಿದ ಕೈ ಹಿಂದೆ ತೆಗೆದುಕೊಂಡಳು.

“ನಾಕು ತಿಂಗಳಾತು,” ಎಂದರು ಆಯಿ. ಮೇವು ಹೇಗೆ ತಿನ್ನುತ್ತದೆ, ಕಾಲು ಎತ್ತೆತ್ತಿ ಇಡಲು ಶುರು ಮಾಡಿದ್ದು ಯಾವಾಗ ಎಂದೂ ಡಾಕ್ಟರ್ ಕೇಳಿದರು. ತುಂಗೆಯ ಮೈ ಸವರಿ ಕೆಚ್ಚಲು ಒತ್ತಿ ನೋಡಿದರು. ಎಲ್ಲ ಮುಗಿದ ಮೇಲೆ ಹಲಗೆ ಇಸಿದುಕೊಂಡು ತಾವೇ ಹಾಲು ಅಲ್ಲಾಡಿಸಿದರು.

“ಲಗೂನ ಗೊತ್ತಾತು, ಚಲೋ ಆತು. ಮೊಲಿ ಉಳೀತೈತಿ. ಔಷಧ ಮುಗಿಯೂತನಕ ಹಾಲು ಡೈರಿಗೆ ಹಾಕಬ್ಯಾಡ್ರಿ.”

ನಂದನ ಹಲಗೆಯನ್ನು ಎತ್ತಿಕೊಂಡು ತಿರುಗಿಸಿ ತಿರುಗಿಸಿ ನೋಡಿದ. ತುಂಗೆಯ ಕುತ್ತಿಗೆ ತುರಿಸುವುದರಲ್ಲೇ ಇದ್ದ ಮೇಧಾ ಅವನ ಕಡೆ ನೋಡಲೂ ಇಲ್ಲ.

ಸಂಜೆ ಅವಳು ಶ್ರೀಲಕ್ಷ್ಮತ್ತೆಯ ಮನೆಗೆ ಹೋದಳು. ಜಗಲಿಯಲ್ಲಿ ನಿಲ್ಲದೆ ನೇರ ಕೊಟ್ಟಿಗೆಗೆ ಹೋಗಿ ಎಳೆಗರುವಿನ ಹಣೆ ಸವರಿದಳು. ಅದು ಅವಳ ಲಂಗದ ತುದಿಯನ್ನು ಬಾಯಿಗೆ ಹಾಕಿಕೊಂಡಿತು.

“ಡಾಕ್ಟರ್ ಬಂದ್ಬುಡ್ತು. ಇವತ್ತು ಎಂತ ರೋಗನೇ?” ಎಂದು ಅತ್ತೆ ಕೇಳಿದರು.

“ಇವತ್ತು ಟೆಸ್ಟ್ ಬ್ಯಾಡ ಅತ್ತೆ, ಕರು ಇನ್ನೂ ಸಣ್ಣದು,” ಎಂದಳು ಮೇಧಾ. ಲಂಗ ಬಿಡಿಸಿಕೊಳ್ಳುತ್ತ ಮೆಲ್ಲಗೆ ಕೇಳಿದಳು, “ಗಿಣ್ಣ ಇನ್ನೂ ಇದ್ದಾ?”